ತೊಗಲಿನ ಕೂಳೆ

ವಚನಯುಗವನ್ನು ಪಾಠ ಮಾಡುವಾಗ ಹರಳಯ್ಯನ ಕಥೆಯನ್ನು ಹೇಳದೆ ಮುಂದೆ ಸಾಗುವ ಕನ್ನಡ ಅಧ್ಯಾಪಕರು ವಿರಳ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯ ಬಸವಣ್ಣನವರಿಗೆ ‘ಶರಣು’ ಎಂದನಂತೆ. ಅವರು ‘ಶರಣು ಶರಣಾರ್ಥಿ’ ಎಂದು ಇಮ್ಮಡಿಯಾಗಿ ಹಿಂದಿರುಗಿಸಿದರಂತೆ. ಆ ಹೆಚ್ಚಿನ ಒಂದು ಶರಣಿನ ಭಾರವನ್ನು ತಾಳಲಾರದೆ ಆತ ತನ್ನ ಒಂದು ತೊಡೆಯಿಂದಲೂ ಮಡದಿ ಕಲ್ಯಾಣಮ್ಮನ ಒಂದು ತೊಡೆಯಿಂದಲೂ ಚರ್ಮವನ್ನು ತೆಗೆದು, ಹದ ಮಾಡಿ, ಮೆಟ್ಟುಗಳನ್ನು ಹೊಲಿದು ತಂದ. ಬಸವಣ್ಣನವರು ಅವನ್ನು ಮೆಟ್ಟಲಿಲ್ಲ. ತಲೆಯ ಮೇಲೆ ಹೊತ್ತರು. ‘ನನ್ನ ಚರ್ಮದಿಂದ ಚಪ್ಪಲಿ ಮಾಡಿಸಿ ಹಾಕಿದರೂ ನಿಮ್ಮ ಋಣ ತೀರದು’ ಎಂದು ನಮ್ಮ ಹಳ್ಳಿಗಳಲ್ಲಿ ಇಂದಿಗೂ ಜನ ಆಡುವ ಮಾತು ಈ ಕಥೆಯ ನೆರಳಿನಲ್ಲೇ ನಿಂತಿದೆ.

ಕಳೆದ ವರ್ಷ ನಾನು ಈ ಪ್ರಸಂಗವನ್ನು ಸಾಕಷ್ಟು ಆವೇಶದಿಂದಲೇ ವರ್ಣಿಸಿ ಮುಗಿಸಿದಾಗ ಹಿಂದಿನ ಬೆಂಚಿನಿಂದ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತಳು. “ಸಾರ್, ಆಮೇಲೆ ಆ ಗಾಯ ವಾಸಿಯಾಯಿತೆ?” ಎಂದಳು. ತರಗತಿ ಗೊಳ್ಳೆಂದು ನಕ್ಕಿತು. ಆಕೆ ಕೂರಲಿಲ್ಲ. “ಮುಂದೆ ಮಧುವರಸರ ಮಗಳನ್ನು ತಮ್ಮ ಮಗನಿಗೆ ತಂದುಕೊಂಡರು ಅಂತ ನೀವೇ ಹೇಳಿದಿರಿ. ಅಂದರೆ ಇಬ್ಬರೂ ಬದುಕಿದ್ದರು. ಹೊಸ ಚರ್ಮ ಎಲ್ಲಿಂದ ಬಂತು ಸಾರ್?” ನಾನು ಐತಿಹ್ಯವನ್ನು ಐತಿಹ್ಯವಾಗಿ ಓದಬೇಕು ಎಂದೇನೋ ಹೇಳಿದೆ. ಅಷ್ಟರಲ್ಲಿ ಗಂಟೆಯೂ ಬಾರಿಸಿತು. ಹೊರಗೆ ಬಂದಮೇಲೆ ನನಗೆ ನಾಚಿಕೆಯಾಯಿತು. ಏಕೆಂದರೆ ತೊಡೆಯ ಚರ್ಮವನ್ನು ತೆಗೆದದ್ದನ್ನೂ, ಅಲ್ಲಿ ಮತ್ತೆ ಚರ್ಮ ಹುಟ್ಟಿದ್ದನ್ನೂ ನಾನು ಬಾಲ್ಯದಲ್ಲಿ ಕಣ್ಣಾರೆ ಕಂಡಿದ್ದೆ. ಕಂಡವನೇ ಆ ಪ್ರಶ್ನೆಗೆ ಬೆನ್ನು ತಿರುಗಿಸಿದ್ದೆ.

ಅದು ೧೯೯೩ರ ಬೇಸಗೆ. ನಮ್ಮ ದೊಡ್ಡಪ್ಪನ ಮಗಳು—ನನಗೆ ಅಕ್ಕ—ಸೀಮೆಎಣ್ಣೆಯ ಸ್ಟೌ ಹಚ್ಚುವಾಗ ಸೆರಗಿಗೆ ಬೆಂಕಿ ಹತ್ತಿತು. ಅದು ಮೈಗಂಟುವ ಜಾತಿಯ ಸೀರೆ. ಎಡಗೈ, ಹೆಗಲು, ಕತ್ತಿನ ಒಂದು ಪಕ್ಕ ಆಳವಾಗಿ ಸುಟ್ಟುಹೋದುವು. ಮೂರು ವಾರಗಳ ಮೇಲೆ, ಬದುಕುತ್ತಾಳೆಂಬ ಭರವಸೆ ಬಂದಮೇಲೆ, ಶಸ್ತ್ರವೈದ್ಯರು ಅವಳ ತೊಡೆಯಿಂದ ಚರ್ಮ ತೆಗೆದು ತೋಳಿಗೆ ಹಾಕುವುದಾಗಿ ಹೇಳಿದರು. ದೊಡ್ಡಪ್ಪನಿಗೆ ಅದು ಅರ್ಥವಾಗಲಿಲ್ಲ. “ಒಂದು ಗಾಯ ಮುಚ್ಚೋಕೆ ಇನ್ನೊಂದು ಗಾಯ ಮಾಡ್ತೀರಾ ಸ್ವಾಮಿ?” ಎಂದರು. ವೈದ್ಯರು ನಮ್ಮ ಸೀಮೆಯವರೇ ಇರಬೇಕು. ನಕ್ಕು, “ಯಜಮಾನ್ರೆ, ಕಬ್ಬು ಕಡಿದ ಮೇಲೆ ಕೂಳೆ ಬರೋದಿಲ್ವೆ? ಬುಡ ಬಿಟ್ಟು ಕಡೀತೀವಿ” ಎಂದರು. ಬಯಲುಸೀಮೆಯ ನೀರಾವರಿಯ ರೈತನಿಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಿರಲಿಲ್ಲ. ಹದಿನೈದು ದಿನಗಳಲ್ಲಿ ತೊಡೆಯ ಮೇಲೆ ಗುಲಾಬಿಬಣ್ಣದ ಹೊಸ ಚರ್ಮ ಬಂದಿತು. ಆ ‘ಬುಡ’ ಯಾವುದೆಂಬುದನ್ನು ನಾನು ತಿಳಿಯಹೊರಟದ್ದು ಆ ವಿದ್ಯಾರ್ಥಿನಿಯ ಪ್ರಶ್ನೆಯಿಂದ. ಅಂದರೆ ಮೂರು ದಶಕಗಳು ಕಳೆದಮೇಲೆ. ಕನ್ನಡ ಎಂ.ಎ. ಮಾಡಿದವನಿಗೆ ಈ ಶಾಸ್ತ್ರದಲ್ಲಿ ಅಧಿಕಾರವಿಲ್ಲ. ಓದಿ, ಕೇಳಿ, ಬಲ್ಲವರಿಂದ ತಿದ್ದಿಸಿಕೊಂಡದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ಚರ್ಮವನ್ನು ಪದರ ಪದರವಾಗಿ ಕಾಣುವ ದೃಷ್ಟಿ ನಮಗೆ ಹೊಸದಲ್ಲ. ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ ಏಳು ತ್ವಚೆಗಳ ಲೆಕ್ಕವಿದೆ. ಅವಭಾಸಿನಿ ಎಂಬುದು ಮೊದಲನೆಯದು, ಮಾಂಸಧರಾ ಎಂಬುದು ಕಡೆಯದು. ಕಾಯುವ ಹಾಲಿನ ಮೇಲೆ ಕೆನೆ ಕಟ್ಟುವಂತೆ ಗರ್ಭದಲ್ಲಿ ಇವು ಉಂಟಾಗುತ್ತವೆ ಎಂಬ ಉಪಮೆಯೂ ಅಲ್ಲಿದೆ. ಉಪಮೆ ಸೊಗಸಾದದ್ದು, ನಿಜಕ್ಕೆ ಅರ್ಧ ಸಮೀಪವಾದದ್ದೂ ಹೌದು. ಕೆನೆಯಂತೆ ಹೊರಚರ್ಮವೂ ಕೆಳಗಿನಿಂದ ಬಂದು ಮೇಲೆ ಕಟ್ಟುವಂಥದು. ಇಂದಿನ ಶಾಸ್ತ್ರ ಮುಖ್ಯವಾಗಿ ಎರಡು ಪದರಗಳನ್ನು ಹೇಳುತ್ತದೆ. ಮೇಲಿನದು ಹೊರಚರ್ಮ, ದೇಹದ ಹೆಚ್ಚಿನ ಭಾಗದಲ್ಲಿ ಅದು ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲಿನಷ್ಟೇ ದಪ್ಪ. ಕೆಳಗಿನದು ಒಳಚರ್ಮ, ನಾರು, ರಕ್ತನಾಳ, ನರಗಳಿಂದ ಕೂಡಿದ ಗಟ್ಟಿ ಹಾಸು. ಹೊರಚರ್ಮದ ತಳದ ಸಾಲಿನಲ್ಲಿರುವ ಕೋಶಗಳು ವಿಭಜನೆಗೊಂಡು, ಮರಿಕೋಶಗಳು ಮೇಲೇರುತ್ತ, ಕೆರಟಿನ್ ತುಂಬಿಕೊಳ್ಳುತ್ತ, ಸಾಯುತ್ತ, ಕಡೆಗೆ ಹೊಟ್ಟಿನಂತೆ ಉದುರುತ್ತವೆ. ಸುಮಾರು ನಾಲ್ಕರಿಂದ ಆರು ವಾರಗಳಲ್ಲಿ ಈ ಪಯಣ ಮುಗಿಯುತ್ತದೆ. ಇಂದು ನಾವು ಕನ್ನಡಿಯಲ್ಲಿ ಕಾಣುವ ಮುಖದ ಮೇಲ್ಪದರ ಹಿಂದಿನ ಹಬ್ಬದ ದಿನ ಇದ್ದದ್ದಲ್ಲ.

ಹಾಗಾದರೆ ಎಂಬತ್ತು ವರ್ಷ ಎಡೆಬಿಡದೆ ಹೊಸ ಕೋಶಗಳನ್ನು ಒದಗಿಸುತ್ತ, ತಾನು ಮಾತ್ರ ಮುಗಿಯದೆ ಉಳಿಯುವ ಕೋಶವೊಂದು ಅಡಿಯಲ್ಲಿ ಇರಲೇಬೇಕಲ್ಲವೆ? ಅದನ್ನೇ ಇಂಗ್ಲಿಷಿನವರು ಸ್ಟೆಮ್ ಸೆಲ್ ಎಂದು ಕರೆದಿದ್ದಾರೆ. ನಮ್ಮವರು ಕೆಲವರು ‘ಕಾಂಡಕೋಶ’ ಎಂದು ಪದಕ್ಕೆ ಪದ ಇಟ್ಟು ತಂದರು. ಮೂಲವನ್ನು ಹುಡುಕಿದರೆ ಇದು ಜರ್ಮನ್ ಭಾಷೆಯ ‘ಶ್ಟಾಮ್‌ಸೆಲ್ಲೆ’. ೧೮೬೮ರಷ್ಟು ಹಿಂದೆಯೇ ಅರ್ನ್‌ಸ್ಟ್ ಹೆಕೆಲ್ ಅದನ್ನು ಬಳಸಿದ್ದಾನೆ. ಆ ಭಾಷೆಯಲ್ಲಿ ‘ಶ್ಟಾಮ್’ ಎಂದರೆ ಮರದ ಬೊಡ್ಡೆ ಮಾತ್ರವಲ್ಲ, ಕುಲ, ವಂಶ ಎಂಬ ಅರ್ಥವೂ ಉಂಟು. ನಮ್ಮ ‘ಕಾಂಡ’ಕ್ಕೆ ಆ ಎರಡನೆಯ ಅರ್ಥದ ಸೋಂಕಿಲ್ಲ. ಈಚೆಗೆ ಪತ್ರಿಕೆಗಳಲ್ಲಿ ರೂಢಿಗೆ ಬಂದಿರುವ ‘ಆಕರಕೋಶ’ವೇ ಮೇಲೆಂದು ನನ್ನ ಅಭಿಪ್ರಾಯ. ದೊಡ್ಡಪ್ಪನಿಗಾದರೆ ‘ಕೂಳೆಕೋಶ’ ಎಂದರೂ ಸಾಕಾಗುತ್ತಿತ್ತು.

ಇಂಥ ಕೋಶಗಳು ಚರ್ಮದಲ್ಲಿವೆ ಎಂಬುದಕ್ಕೆ ಪ್ರಬಲ ಸಾಕ್ಷ್ಯ ದೊರೆತ ಬಗೆ ಸ್ವಾರಸ್ಯವಾಗಿದೆ. ಮನುಷ್ಯನ ಚರ್ಮದ ಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸುವ ಪ್ರಯತ್ನಗಳು ಬಹುಕಾಲ ಸೋತಿದ್ದುವು. ಕೆಲವು ಬಾರಿ ಒಡೆದು ಸುಮ್ಮನಾಗುತ್ತಿದ್ದುವು. ಅಮೆರಿಕದ ಎಂ.ಐ.ಟಿ.ಯಲ್ಲಿ ಹೊವರ್ಡ್ ಗ್ರೀನ್ ಮತ್ತು ಅವರ ಶಿಷ್ಯ ಜೇಮ್ಸ್ ರೈನ್‌ವಾಲ್ಡ್ ಇಲಿಯ ಒಂದು ಬಗೆಯ ಗಂತಿಯನ್ನು ಪರೀಕ್ಷಿಸುತ್ತಿದ್ದಾಗ, ಯಾರೂ ಹುಡುಕದೆ ಇದ್ದ ಚರ್ಮದಂಥ ಕೋಶಗಳ ಗುಂಪುಗಳು ತಟ್ಟೆಯಲ್ಲಿ ಕಾಣಿಸಿಕೊಂಡುವು. ವಿಕಿರಣದಿಂದ ವಿಭಜನಶಕ್ತಿ ಕಳೆದುಕೊಂಡಿದ್ದ ಇಲಿಯ ನಾರುಕೋಶಗಳು ಅವಕ್ಕೆ ಆಸರೆಯಾಗಿದ್ದುವು. ಬಸಿರು ಕಟ್ಟದ ಸಾಕುತಾಯಿಯಂತೆ! ಅದೇ ಆಸರೆಯ ಮೇಲೆ ಮನುಷ್ಯಚರ್ಮದ ಕೋಶಗಳನ್ನು ಬಿತ್ತಿದರು; ಅವು ಹಬ್ಬಿ ಹಾಳೆಯಾದುವು. ಇದು ಪ್ರಕಟವಾದದ್ದು ೧೯೭೫ರಲ್ಲಿ. ಒಂದಿಷ್ಟು ಚರ್ಮವನ್ನು ಮೂರು ನಾಲ್ಕು ವಾರಗಳಲ್ಲಿ ಹತ್ತು ಸಾವಿರ ಪಟ್ಟು ಹಿಗ್ಗಿಸುವುದು ಇದರಿಂದ ಸಾಧ್ಯವಾಯಿತು. ಮುಂದೆ ೧೯೮೭ರಲ್ಲಿ ಗ್ರೀನ್ ಅವರೂ ಯಾನ್ ಬಾರಾಂದೋ ಎಂಬವರೂ ಒಂದೊಂದೇ ಕೋಶವನ್ನು ಬಿಡಿಬಿಡಿಯಾಗಿ ಬಿತ್ತಿ ನೋಡಿದಾಗ, ಎಲ್ಲವೂ ಒಂದೇ ಜಾತಿಯವಲ್ಲವೆಂದು ತಿಳಿಯಿತು. ಕೆಲವು ಬೇಗ ಬಳಲಿ ನಿಲ್ಲುತ್ತವೆ. ಕೆಲವೇ ಕೆಲವು ಮಾತ್ರ ದಣಿವರಿಯದೆ ಬೆಳೆಯುತ್ತವೆ. ಈ ದಣಿಯದ ಕುಲಕ್ಕೆ ‘ಹೋಲೋಕ್ಲೋನ್’ ಎಂದು ಹೆಸರಿಟ್ಟರು.

ಇದರ ಬೆಲೆ ಜಗತ್ತಿಗೆ ಗೊತ್ತಾದದ್ದು ೧೯೮೩ರಲ್ಲಿ. ಅಮೆರಿಕದ ವಯೋಮಿಂಗ್ ರಾಜ್ಯದ ಇಬ್ಬರು ಪುಟ್ಟ ಸಹೋದರರು ಬೆಂಕಿಗೆ ಸಿಕ್ಕಿ, ಮೈಯ ಶೇಕಡಾ ೯೫ಕ್ಕೂ ಮಿಕ್ಕ ಭಾಗ ಸುಟ್ಟ ಸ್ಥಿತಿಯಲ್ಲಿ ಬಾಸ್ಟನ್ನಿನ ಆಸ್ಪತ್ರೆಗೆ ಬಂದರು. ತೊಡೆಯಿಂದ ತೆಗೆಯೋಣವೆಂದರೆ ತೊಡೆಯೇ ಉಳಿದಿರಲಿಲ್ಲ. ಸುಡದೆ ಉಳಿದಿದ್ದ ಚೂರು ಚರ್ಮದಿಂದ ಗ್ರೀನ್ ಅವರ ಪ್ರಯೋಗಶಾಲೆಯಲ್ಲಿ ಹಾಳೆಗಳನ್ನು ಬೆಳೆಸಿ ಹೊದಿಸುತ್ತ ಹೋದರು. ಮೈಯ ಅರ್ಧದಷ್ಟನ್ನು ಆ ಹಾಳೆಗಳೇ ಮುಚ್ಚಿದುವು. ಮಕ್ಕಳು ಉಳಿದರು.

ಅಕ್ಕನ ತೊಡೆಗೆ ಮರಳುತ್ತೇನೆ. ಶಸ್ತ್ರವೈದ್ಯರು ಅಲ್ಲಿಂದ ತೆಗೆಯುವ ಪದರ ಸುಮಾರು ಒಂದು ಅಂಗುಲದ ನೂರನೆಯ ಒಂದು ಪಾಲಿನಷ್ಟು ತೆಳುವಾದದ್ದು. ಅದರಲ್ಲಿ ಹೊರಚರ್ಮ ಪೂರ್ತಿಯಾಗಿ ಬರುತ್ತದೆ, ಒಳಚರ್ಮದ ಮೇಲುಭಾಗ ಸ್ವಲ್ಪ ಬರುತ್ತದೆ. ಅಂದಮೇಲೆ ಹೊರಚರ್ಮದ ತಳದ ಸಾಲಿನ ಆಕರಕೋಶಗಳೂ ಅದರೊಡನೆ ಹೊರಟೇಹೋದುವು. ಉಳಿದ ಬುಡ ಯಾವುದು? ಇಲ್ಲಿ ಒಂದು ವಿಷಯವನ್ನು ನೆನೆಯಬೇಕು. ಕೂದಲಿನ ಬೇರೂ ಬೆವರುಗ್ರಂಥಿಯ ನಾಳವೂ ಮೂಲತಃ ಹೊರಚರ್ಮವೇ ಒಳಚರ್ಮಕ್ಕೆ ಇಳಿಬಿಟ್ಟ ಬಾವಿಗಳು. ಹೊಲದ ಮೇಲ್ಮಣ್ಣನ್ನು ಹೆರೆದುಹಾಕಿದರೂ ಬಾವಿಯ ಗೋಡೆ ಉಳಿಯುವ ಹಾಗೆ, ಚರ್ಮವನ್ನು ಹೆರೆದರೂ ಈ ಕೂಪಗಳ ಆಳ ಉಳಿದಿರುತ್ತದೆ. ಅಲ್ಲಿಂದ ಕೋಶಗಳು ಹೊರಬಂದು, ಒಂದೊಂದು ಕೂಪದ ಸುತ್ತಲೂ ದ್ವೀಪಗಳಂತೆ ಹರಡಿ, ದ್ವೀಪ ದ್ವೀಪಗಳು ಕೂಡಿಕೊಂಡು ಗಾಯ ಮುಚ್ಚುತ್ತದೆ. ಅದಕ್ಕೇ ಹದಿನೈದು ದಿನ. ಇನ್ನು ಬೆಂಕಿ ಆ ಬಾವಿಗಳ ತಳವನ್ನೂ ಮುಟ್ಟಿಬಿಟ್ಟಿತ್ತಾದ್ದರಿಂದ ಅವಳ ತೋಳಿನಲ್ಲಿ ಕೂಳೆ ಬರಲಿಲ್ಲ.

ರೋಮಕೂಪದಲ್ಲಿ ಈ ಆಕರಕೋಶಗಳು ಕೂಡುವ ಠಾವನ್ನು ೧೯೯೦ರಲ್ಲಿ ಜಾರ್ಜ್ ಕಾಟ್‌ಸರೆಲಿಸ್, ಸುನ್, ಲಾವ್‌ಕರ್ ಎಂಬವರು ಇಲಿಗಳಲ್ಲಿ ಗುರುತಿಸಿದರು. ಕೂದಲಿನ ಅಡಿಯ ಗೆಡ್ಡೆಯೇ ಮೂಲವೆಂದು ಅದುವರೆಗೆ ಬಹುಮಂದಿ ನಂಬಿದ್ದರು. ಇವರು ಕೋಶಗಳಿಗೆ ಗುರುತಿನ ವಸ್ತುವೊಂದನ್ನು ಉಣಿಸಿದರು. ಪದೇ ಪದೇ ಒಡೆಯುವ ಕೋಶಗಳಲ್ಲಿ ಆ ಗುರುತು ಹಂಚಿ ಹಂಚಿ ತೆಳುವಾಗಿ ಅಳಿಯುತ್ತದೆ; ಒಡೆಯದೆ ಸುಮ್ಮನಿರುವವುಗಳಲ್ಲಿ ನಿಲ್ಲುತ್ತದೆ. ಗುರುತು ನಿಂತದ್ದು ಗೆಡ್ಡೆಯಲ್ಲಲ್ಲ. ಅದಕ್ಕಿಂತ ಮೇಲೆ, ಕೂದಲನ್ನು ನಿಮಿರಿಸುವ ಪುಟ್ಟ ಸ್ನಾಯು ಬಂದು ಅಂಟುವ ಕಡೆ ಕೂಪದ ಗೋಡೆಯಲ್ಲಿ ಒಂದು ಉಬ್ಬು ಇದೆ, ಅಲ್ಲಿ. ಎಲ್ಲರಿಗಿಂತ ಹೆಚ್ಚು ಹಡೆಯಬಲ್ಲ ಕೋಶವೇ ಎಲ್ಲರಿಗಿಂತ ಹೆಚ್ಚು ಸುಮ್ಮನಿರುತ್ತದೆ ಎಂಬುದು ಮೊದಲಿಗೆ ನನಗೆ ಒಗಟಾಗಿ ಕಂಡಿತು. ಮನೆಯಲ್ಲಿ ಬಿತ್ತನೆಯ ಬತ್ತವನ್ನು ಬೇರೆ ವಾಡೆಯಲ್ಲಿ ಇಟ್ಟು, ಎಂಥ ಅಭಾವದಲ್ಲೂ ಅಜ್ಜಿ ಅದಕ್ಕೆ ಕೈಹಾಕಗೊಡುತ್ತಿರಲಿಲ್ಲವೆಂಬುದು ನೆನಪಾದಮೇಲೆ ಒಗಟು ಒಡೆಯಿತು. ಕೋಶ ಒಡೆದಷ್ಟೂ ತಪ್ಪುಗಳಿಗೆ ಅವಕಾಶ. ಆದ್ದರಿಂದ ಬೀಜವನ್ನು ಜೋಪಾನವಾಗಿಟ್ಟು ನಿತ್ಯದ ದುಡಿಮೆಯನ್ನು ಅದರ ಸಂತತಿಯಿಂದ ಮಾಡಿಸುವುದು ಲಾಭ.

ಆದರೆ ಈ ಉಬ್ಬಿನ ಕೋಶಗಳೇ ಎಲ್ಲ ಚರ್ಮಕ್ಕೂ ತಾಯಿ ಎಂದುಕೊಂಡರೆ ತಪ್ಪು. ೨೦೦೫ರಲ್ಲಿ ಮಯುಮಿ ಇತೋ ಮತ್ತು ಕಾಟ್‌ಸರೆಲಿಸ್ ಇಲಿಗಳಲ್ಲಿ ತೋರಿಸಿದಂತೆ, ನಿತ್ಯದಲ್ಲಿ ಇವು ಹೊರಚರ್ಮದ ಕೆಲಸಕ್ಕೆ ಕೈಹಾಕುವುದಿಲ್ಲ, ಕೂದಲನ್ನಷ್ಟೇ ನೋಡಿಕೊಳ್ಳುತ್ತವೆ. ಗಾಯವಾದಾಗ ಮಾತ್ರ ಇವುಗಳ ಸಂತತಿ ಓಡಿಬಂದು ಮೇಲೆ ಮುಚ್ಚುತ್ತದೆ. ಕೆಲವು ವಾರಗಳಲ್ಲಿ ಬಹುಪಾಲು ಮಾಯವಾಗಿ, ಹೊರಚರ್ಮದ ಸ್ವಂತ ಆಕರಕೋಶಗಳಿಗೆ ಜಾಗ ಬಿಡುತ್ತದೆ. ಊರಿನಲ್ಲಿ ಮನೆಗೆ ಬೆಂಕಿ ಬಿದ್ದಾಗ ಪಕ್ಕದ ಹಟ್ಟಿಯವರು ಬಂದು ನೀರೆರಚಿ ಹೋಗುತ್ತಾರಲ್ಲ, ಹಾಗೆ. ಎಣ್ಣೆಗ್ರಂಥಿಗೂ ತನ್ನದೇ ಆದ ಪರಿವಾರವಿದೆ. ಬೆವರುಗ್ರಂಥಿಯ ಪಾಲನ್ನು ಜನ ಬಹುಕಾಲ ಲೆಕ್ಕಕ್ಕೆ ಹಿಡಿಯಲಿಲ್ಲ. ಪ್ರಯೋಗದ ಇಲಿ ರೋಮದ ಪ್ರಾಣಿ, ಅದರ ಮೈಯಲ್ಲಿ ಬೆವರುಗ್ರಂಥಿಗಳಿರುವುದು ಪಾದದಲ್ಲಿ ಮಾತ್ರ. ಮನುಷ್ಯನಾದರೋ ಬೆವರುವ ಪ್ರಾಣಿ. ಅವನ ಮೈಯಲ್ಲಿ ಇಪ್ಪತ್ತು ಮೂವತ್ತು ಲಕ್ಷ ಬೆವರುಗ್ರಂಥಿಗಳಿವೆ. ಮನುಷ್ಯನ ಗಾಯ ಮುಚ್ಚುವುದರಲ್ಲಿ ಇವುಗಳ ಕೊಡುಗೆ ಬಲು ದೊಡ್ಡದೆಂದು ಮಿಷಿಗನ್ ವಿಶ್ವವಿದ್ಯಾನಿಲಯದವರು ೨೦೧೩ರಲ್ಲಿ ತೋರಿಸಿದರು. ಇಲಿಯನ್ನು ನೋಡಿ ಮನುಷ್ಯನನ್ನು ಬರೆಯುವುದರಲ್ಲಿ ಇಂಥ ಎಡವುಗಳು ಇದ್ದೇ ಇವೆ.

ಗಾಯವಾಯಿತೆಂಬ ಸುದ್ದಿ ತಳಕ್ಕೆ ಹೇಗೆ ಮುಟ್ಟುತ್ತದೆ? ಇದಕ್ಕೊಂದು ಉತ್ತರ ನಮ್ಮ ನಾಡಿಗೂ ನಂಟುಳ್ಳದ್ದು. ಮೇಲ್ಪದರದ ಕೋಶಗಳಲ್ಲಿ ಇಂಟರ್‌ಲೂಕಿನ್ ಎಂಬ ಸಂದೇಶದ್ರವ್ಯದ ದಾಸ್ತಾನಿದೆ. ಕ್ಯಾಸ್ಪೇಸ್-೮ ಎಂಬ ಕಿಣ್ವ ಗಾಯದಿಂದ ಕುಗ್ಗಿದೊಡನೆ ಆ ದಾಸ್ತಾನು ಹೊರಬಂದು ಕೆಳಗಿನ ಆಕರಕೋಶಗಳನ್ನು ಎಚ್ಚರಿಸುತ್ತದೆ. ಇದನ್ನು ೨೦೦೯ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಕಂಡುಕೊಂಡ ತಂಡದ ಮುಂದಾಳು ಕಾಲಿನ್ ಜಮೋರಾ ಮುಂದೆ ಬೆಂಗಳೂರಿಗೆ ಬಂದು, ಬಳ್ಳಾರಿ ರಸ್ತೆಯ ಕೃಷಿ ವಿಶ್ವವಿದ್ಯಾನಿಲಯದ ಆವರಣದಲ್ಲಿರುವ ಇನ್‌ಸ್ಟೆಮ್ ಸಂಸ್ಥೆಯಲ್ಲಿ ಚರ್ಮದ ಮೇಲಣ ಕೆಲಸವನ್ನು ಮುಂದುವರಿಸಿದರು. ಬೀಜ, ಕೂಳೆಗಳ ವಿದ್ಯೆ ಕಲಿಸುವ ನೆಲದಲ್ಲೇ ಈ ಕೂಳೆಯ ವಿಚಾರವೂ ನಡೆಯುವುದು ನನಗೆ ಹಿತವಾಗಿ ತೋರುತ್ತದೆ.

ಇನ್ನು ಕಾವ್ಯಮೀಮಾಂಸೆ ಕಲಿಸುವವನು ಬಿಡಲಾಗದ ಒಂದು ಸಂಗತಿ. ಭರತನು ಎಣಿಸಿದ ಎಂಟು ಸಾತ್ತ್ವಿಕಭಾವಗಳಲ್ಲಿ ರೋಮಾಂಚವೂ ಒಂದು. ನಮ್ಮ ಹಳಗನ್ನಡದ ಕವಿಗಳಿಗೆ ಅದು ‘ನವಿರೇಳುವುದು’. ಮೈಮೇಲೆ ರೋಮವೇ ಇಲ್ಲವೆನ್ನಬಹುದಾದ ಮನುಷ್ಯನಿಗೆ ನವಿರೇಳುವುದರಿಂದ ಏನು ಪ್ರಯೋಜನ ಎಂಬುದು ಹಳೆಯ ಪ್ರಶ್ನೆ. ಮೃಗಾವಸ್ಥೆಯ ಪಳೆಯುಳಿಕೆ ಎಂದು ಸುಮ್ಮನಾಗುವುದು ವಾಡಿಕೆ. ೨೦೨೦ರಲ್ಲಿ ಹಾರ್ವರ್ಡಿನ ಯಾ-ಚೀ ಷು ಅವರ ತಂಡ ಇಲಿಗಳಲ್ಲಿ ಬೇರೊಂದನ್ನು ಕಂಡಿತು. ರೋಮವನ್ನು ನಿಮಿರಿಸುವ ಸ್ನಾಯುವಿಗೆ ಬರುವ ನರ, ಸ್ನಾಯುವಿನ ಆಸರೆಯಿಂದಲೇ ಉಬ್ಬಿನ ಆಕರಕೋಶಗಳನ್ನೂ ಮುಟ್ಟುತ್ತದೆ. ಚಳಿ ಬಹುಕಾಲ ನಿಂತರೆ ಆ ನರವೇ ಆಕರಕೋಶಗಳನ್ನು ಎಬ್ಬಿಸಿ ಹೊಸ ರೋಮವನ್ನು ಹುಟ್ಟಿಸುತ್ತದೆ. ಒಂದೇ ನರ ಈ ಗಳಿಗೆಯ ಚಳಿಗೆ ರೋಮವನ್ನು ನಿಮಿರಿಸಿ, ಬರುವ ಮಾಗಿಗೆ ರೋಮವನ್ನು ಬೆಳೆಸುತ್ತದೆ ಎಂದಾಯಿತು. ಇನ್ನೂ ಅಚ್ಚರಿಯೆಂದರೆ, ಆ ಸ್ನಾಯುವನ್ನೂ ನರವನ್ನೂ ತನ್ನ ಬಳಿಗೆ ಕರೆಸಿಕೊಳ್ಳುವುದು ಬೆಳೆಯುವ ರೋಮಕೂಪವೇ.

ಅದೇ ವರ್ಷ, ಅದೇ ತಂಡ, ಅದೇ ನರದ ಇನ್ನೊಂದು ಮುಖವನ್ನೂ ತೋರಿಸಿತು. ಉಬ್ಬಿನಲ್ಲಿ ಕೂದಲಿನ ಆಕರಕೋಶಗಳ ಜೊತೆಗೆ ಬಣ್ಣದ ಆಕರಕೋಶಗಳೂ ವಾಸವಾಗಿವೆ. ಇಲಿಗಳಿಗೆ ತೀವ್ರ ಸಂಕಟ ಕೊಟ್ಟಾಗ ಈ ನರ ಸುರಿಸುವ ನಾರಡ್ರಿನಲಿನ್ ಬಣ್ಣದ ಆಕರಕೋಶಗಳನ್ನೆಲ್ಲ ಒಮ್ಮೆಗೇ ಕೆಲಸಕ್ಕೆಬ್ಬಿಸಿ ಖಾಲಿಮಾಡಿತು; ಮುಂದೆ ಹುಟ್ಟಿದ ಕೂದಲು ಬಿಳಿ. ಬಿತ್ತನೆಯ ಬತ್ತವನ್ನು ಕುಟ್ಟಿ ಉಂಡಂತೆ. ಚಿಂತೆಯಿಂದ ತಲೆ ನರೆಯಿತು ಎಂಬ ನಮ್ಮ ಹಿರಿಯರ ಮಾತಿಗೆ ಇಲಿಯ ಮಟ್ಟಿಗಾದರೂ ಸಾಕ್ಷಿ ಸಿಕ್ಕಿತು. ಬೋಳುತಲೆಯ ವಿಚಾರ ಇದಕ್ಕಿಂತ ಬೇರೆ. ಬೋಳಾದ ನೆತ್ತಿಯಲ್ಲಿ ಆಕರಕೋಶಗಳು ಸಾಮಾನ್ಯ ಸಂಖ್ಯೆಯಲ್ಲೇ ಇರುತ್ತವೆ, ಅವುಗಳಿಂದ ಮುಂದಿನ ಪೀಳಿಗೆ ಮಾತ್ರ ಹೊರಡುವುದಿಲ್ಲ ಎಂದು ೨೦೧೧ರಲ್ಲಿ ಪ್ರಕಟವಾಯಿತು. ನನ್ನ ಸಹೋದ್ಯೋಗಿಯೊಬ್ಬರು ಇದನ್ನು ಕೇಳಿ, “ಹಾಗಾದರೆ ನನ್ನದು ಬಂಜರಲ್ಲ, ಬೀಳುಬಿಟ್ಟ ಹೊಲ” ಎಂದು ನೆತ್ತಿ ಸವರಿಕೊಂಡರು.

ಬಣ್ಣದ ಆಕರಕೋಶಗಳ ಇರವನ್ನು ಪ್ರಯೋಗಶಾಲೆಯಿಲ್ಲದೆಯೂ ಕಾಣಬಹುದು. ತೊನ್ನಿಗೆ ಚಿಕಿತ್ಸೆ ನಡೆಯುತ್ತಿರುವವರ ಬಿಳಿಯ ಮಚ್ಚೆಯಲ್ಲಿ ಬಣ್ಣ ಮರಳುವಾಗ ಮೊದಲು ರೋಮಗಳ ಸುತ್ತ ಸಣ್ಣ ಸಣ್ಣ ಚುಕ್ಕೆಗಳಾಗಿ ಮರಳುತ್ತದೆ. ರೋಮವಿಲ್ಲದ ಬೆರಳತುದಿ, ತುಟಿಗಳಲ್ಲಿ ಬಣ್ಣ ಬರುವುದು ಕಷ್ಟ. ಮಗಳ ಮುಂಗೈಯಲ್ಲಿ ಇಂಥ ಚುಕ್ಕೆಗಳು ಮೂಡಿದುವೆಂದು ದಿನವೂ ಎಣಿಸುತ್ತಿದ್ದ ತಾಯಿಯೊಬ್ಬರನ್ನು ನಾನು ಬಲ್ಲೆ. ಅವರು ಎಣಿಸುತ್ತಿದ್ದದ್ದು ಕೂಪಗಳಿಂದ ಮೇಲೇರಿ ಬರುತ್ತಿದ್ದ ವರ್ಣಕೋಶಗಳನ್ನು.

ಈ ಕೋಶಗಳಿಗೆ ನೆನಪೂ ಉಂಟೆಂದು ೨೦೧೭ರಲ್ಲಿ ನ್ಯೂಯಾರ್ಕಿನ ರಾಕಫೆಲರ್ ವಿಶ್ವವಿದ್ಯಾನಿಲಯದಿಂದ ವರದಿಯಾಯಿತು. ಎಲೇನ್ ಫುಕ್ಸ್ ಅಲ್ಲಿನ ಹಿರಿಯರು. ತರುಣಿಯಾಗಿದ್ದಾಗ ಗ್ರೀನ್ ಅವರ ಬಳಿ ಕಲಿತವರು. ಅವರ ತಂಡದ ಶ್ರುತಿ ನಾಯಕ್ ಮತ್ತಿತರರು, ಒಮ್ಮೆ ಉರಿಯೂತ ಬಂದು ಪೂರ್ತಿ ವಾಸಿಯಾದ ಚರ್ಮದಲ್ಲಿ ತಿಂಗಳುಗಳ ಮೇಲೆ ಗಾಯ ಮಾಡಿದರೆ, ಅದು ಹಿಂದೆಂದೂ ಊದದ ಚರ್ಮಕ್ಕಿಂತ ಬೇಗ ಮುಚ್ಚುತ್ತದೆಂದು ಇಲಿಗಳಲ್ಲಿ ಕಂಡರು. ಮೇಲಿನ ಕೋಶಗಳೆಲ್ಲ ಉದುರಿ ಹೋಗಿದ್ದರೂ ತಳದ ಆಕರಕೋಶಗಳು ಹಳೆಯದನ್ನು ಮರೆತಿರಲಿಲ್ಲ. ಈ ನೆನಪು ಗಾಯಕ್ಕೆ ವರ. ಬಿಟ್ಟು ಬಿಟ್ಟು ಅದೇ ಜಾಗದಲ್ಲಿ ಮರುಕಳಿಸುವ ಸೋರಿಯಾಸಿಸ್‌ನಂಥ ರೋಗಗಳಲ್ಲಿ ಇದೇ ಶಾಪವಾಗುತ್ತಿರಬಹುದೆಂಬ ಸಂಶಯವಿದೆ. ದೀರ್ಘಕಾಲ ಬಾಳುವ ಕೋಶಕ್ಕೆ ಬಿಸಿಲಿನ ಪೆಟ್ಟುಗಳೂ ಕೂಡಿಡಲ್ಪಡುತ್ತವೆ. ಇಂದು ಹುಟ್ಟಿ ಮುಂದಿನ ತಿಂಗಳು ಉದುರುವ ಕೋಶಕ್ಕೆ ಅರ್ಬುದವಾಗಲು ಪುರಸತ್ತಿಲ್ಲ. ಚರ್ಮದ ಕ್ಯಾನ್ಸರುಗಳ ಬೇರನ್ನು ಬಾಳಿಕೆಯ ಕೋಶಗಳಲ್ಲಿ ಹುಡುಕುವುದು ಇದಕ್ಕಾಗಿಯೇ.

ಇವೆಲ್ಲಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಒಬ್ಬ ಹುಡುಗನ ವೃತ್ತಾಂತ. ಸಿರಿಯಾದಿಂದ ಜರ್ಮನಿಗೆ ಆಶ್ರಯ ಹುಡುಕಿ ಬಂದ ಸಂಸಾರದ ಏಳು ವರ್ಷದ ಮಗು. ಹೊರಚರ್ಮವನ್ನು ಒಳಚರ್ಮಕ್ಕೆ ಬಿಗಿದಿಡುವ ಲ್ಯಾಮಿನಿನ್ ಎಂಬ ಅಂಟು ಹುಟ್ಟಿನಿಂದಲೇ ಸರಿಯಾಗಿಲ್ಲದ ರೋಗ ಅದಕ್ಕೆ. ಮುಟ್ಟಿದರೆ ಬೊಬ್ಬೆ, ಉಜ್ಜಿದರೆ ಹುಣ್ಣು. ಚಿಟ್ಟೆಯ ರೆಕ್ಕೆಯಂಥ ಮೈ. ೨೦೧೫ರಲ್ಲಿ ಬೋಖುಮ್ ನಗರದ ಆಸ್ಪತ್ರೆಗೆ ಬಂದಾಗ ಮೈಯ ಶೇಕಡಾ ೬೦ರಷ್ಟು ಚರ್ಮ ಹೋಗಿತ್ತು. ವೈದ್ಯರು ಕೈಚೆಲ್ಲುವ ಹಂತದಲ್ಲಿ ಇಟಲಿಯ ಮೊದೆನಾ ನಗರದ ಮಿಕೇಲೆ ದೆ ಲೂಕಾ ಅವರಿಗೆ ಬರೆದರು. ಅವರೂ ಗ್ರೀನ್ ಅವರ ಶಿಷ್ಯರೇ. ತೊಡೆಸಂದಿನಲ್ಲಿ ಬೊಬ್ಬೆ ಏಳದೆ ಉಳಿದಿದ್ದ ನಾಲ್ಕು ಚದರ ಸೆಂಟಿಮೀಟರ್ ಚರ್ಮವನ್ನು ತೆಗೆದು, ಅದರ ಕೋಶಗಳಿಗೆ ಸರಿಯಾದ ಜೀನನ್ನು ಸೇರಿಸಿ, ಹಾಳೆಗಳಾಗಿ ಬೆಳೆಸಿ ಕಳುಹಿಸಿದರು. ಆ ವರ್ಷದ ಅಕ್ಟೋಬರಿನಿಂದ ಮುಂದಿನ ಜನವರಿಯೊಳಗೆ ಮಗುವಿನ ಮೈಯ ಸುಮಾರು ಶೇಕಡಾ ೮೦ ಭಾಗಕ್ಕೆ ಹೊಸ ಹೊರಚರ್ಮ ಹೊದಿಸಿದರು. ಹುಡುಗ ಶಾಲೆಗೆ ಹೋದ, ಚೆಂಡಾಡಿದ.

೨೦೧೭ರ ನವೆಂಬರಿನಲ್ಲಿ ಇದರ ವಿವರ ಹೊರಬಂದಾಗ ಶಾಸ್ತ್ರಕ್ಕೂ ಒಂದು ಲಾಭವಾಯಿತು. ಜೀನನ್ನು ಸೇರಿಸುವಾಗ ಒಂದೊಂದು ಕೋಶದಲ್ಲಿ ಅದು ಒಂದೊಂದು ಜಾಗದಲ್ಲಿ ಕೂರುತ್ತದೆ. ಆ ಜಾಗವೇ ಆ ಕೋಶದ ವಂಶಕ್ಕೆ ಗೋತ್ರದಂತೆ. ಕಾಲ ಕಳೆದಂತೆ ಮಗುವಿನ ಚರ್ಮದಲ್ಲಿ ಗೋತ್ರಗಳ ಸಂಖ್ಯೆ ಕಡಮೆಯಾಗುತ್ತ ಬಂದು, ಕಡೆಗೆ ಹೋಲೋಕ್ಲೋನುಗಳ ವಂಶಗಳಷ್ಟೇ ಉಳಿದುವು. ಹೊರಚರ್ಮದ ಕೋಶಗಳೆಲ್ಲ ಸಮಾನರೇ, ಯಾವುದು ಉಳಿಯುವುದೆಂಬುದು ಬರಿಯ ಅದೃಷ್ಟದ ಮಾತು ಎಂದು ವಾದಿಸುವವರಿದ್ದರು. ಇಲಿಯ ಬಾಲದ ಚರ್ಮದಲ್ಲಿ ಅವರಿಗೆ ಆಧಾರವೂ ಇತ್ತು. ಮನುಷ್ಯನ ಮೈಯಲ್ಲಾದರೋ ಬೀಜ ಬೇರೆ, ಕಾಳು ಬೇರೆ ಎಂಬ ಪಕ್ಷಕ್ಕೆ ಈ ಮಗುವಿನ ಚರ್ಮ ಸಾಕ್ಷಿ ನುಡಿಯಿತು.

ಇಷ್ಟನ್ನೆಲ್ಲ ಓದುತ್ತಿದ್ದ ದಿನಗಳಲ್ಲೇ ಅಕ್ಕ ಊರಿನಿಂದ ಬಂದಳು. ಅವಳಿಗೀಗ ಐವತ್ತು ದಾಟಿದೆ. ಚೀಲದಿಂದ ಒಂದು ಜಾಹೀರಾತಿನ ಚೂರು ತೆಗೆದು ಕೈಗಿಟ್ಟಳು. ಯಾವುದೋ ಹಣ್ಣಿನ ಸ್ಟೆಮ್ ಸೆಲ್ ಇರುವ ಮುಲಾಮಂತೆ. ಹಳೆಯ ಕಲೆಗಳನ್ನೂ ಹೊಸ ಚರ್ಮವಾಗಿಸುತ್ತದಂತೆ. ಬೆಲೆ ನೋಡಿದರೆ ಒಂದು ಕುರಿಮರಿಯನ್ನು ಕೊಳ್ಳಬಹುದು. “ಮೇಷ್ಟ್ರಾಗಿದೀಯಲ್ಲ, ನೋಡ್ಹೇಳು. ಇದ ಹಚ್ಕಂಡ್ರೆ ಕಲೆ ಹೋಯ್ತದೇನ್ಲಾ?” ಎಂದಳು. ಮೂವತ್ತು ವರ್ಷ ಉದ್ದತೋಳಿನ ರವಿಕೆಯಲ್ಲಿ ಮುಚ್ಚಿಕೊಂಡ ತೋಳು ಅದು. ಕಸಿಮಾಡಿದ ಆ ಚರ್ಮ ಬೇಸಗೆಯಲ್ಲಿ ಬೆವರುವುದಿಲ್ಲ, ರೋಮವಿಲ್ಲ, ಚಳಿಗಾಲದಲ್ಲಿ ಬಿಗಿದು ತುರಿಸುತ್ತದೆ.

ಇಲ್ಲವೆಂದು ಹೇಳುವುದು ನನಗೆ ಸುಲಭವಾಗಲಿಲ್ಲ. ಹಣ್ಣಿನ 'ಕೋಶ ಮನುಷ್ಯನ ಚರ್ಮದಲ್ಲಿ ಬೇರೂರುವುದಿಲ್ಲ. ಡಬ್ಬಿಯಲ್ಲಿ ಅದು ಬದುಕಿರುವುದೂ ಇಲ್ಲ. ರಕ್ತದ ಕೆಲವು ಗೊತ್ತಾದ ರೋಗಗಳಿಗೆ ಮಾಡುವ ಕಸಿಯೊಂದನ್ನು ಬಿಟ್ಟು, ಪ್ರಯೋಗದ ಕಟ್ಟಳೆಯ ಹೊರಗೆ ಸ್ಟೆಮ್ ಸೆಲ್ ಚಿಕಿತ್ಸೆಯನ್ನು ಮಾರುವುದು ಸಲ್ಲದೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ೨೦೧೭ರ ಮಾರ್ಗಸೂಚಿಗಳು ಹೇಳಿದುವು. ಮುಲಾಮಿನವರು ಆ ಹೆಸರನ್ನು ಮಾತ್ರ ಕದ್ದುಕೊಂಡರು. ಗ್ರೀನ್ ಬೆಳೆಸಿದ ಹಾಳೆಗಳಿಗೂ ರೋಮಕೂಪ, ಬೆವರುಗ್ರಂಥಿಗಳನ್ನು ಹುಟ್ಟಿಸುವ ಶಕ್ತಿ ಬರಲಿಲ್ಲ. ಹೊರಚರ್ಮವನ್ನು ಬೆಳೆಸಬಹುದು, ಅದರ ಬಾವಿಗಳನ್ನು ತೋಡುವುದು ಬೇರೆಯೇ ವಿದ್ಯೆ. ಇದನ್ನೆಲ್ಲ ಅವಳಿಗೆ ಆದಷ್ಟು ಸರಳವಾಗಿ ಹೇಳಿದೆ. ಅವಳು ಕೇಳಿ, ಜಾಹೀರಾತನ್ನು ನಾಲ್ಕಾಗಿ ಮಡಿಸಿ, ಮತ್ತೆ ಚೀಲದಲ್ಲೇ ಇಟ್ಟುಕೊಂಡಳು. “ತೊಡೆ ಮೇಲ್ದು ಮಾತ್ರ ಹೆಂಗೆ ಮೊದಲ್ನಂಗೇ ಬಂತು!” ಎಂದಳು.

ಮರುವಾರ ತರಗತಿಯಲ್ಲಿ ನಾನಾಗಿಯೇ ಹರಳಯ್ಯನ ವಿಷಯವೆತ್ತಿ ಆ ವಿದ್ಯಾರ್ಥಿನಿಗೆ ಉತ್ತರ ಕೊಟ್ಟೆ. ಮೊದಲಿಗೆ ನನಗೆ ಹೊಳೆದಿದ್ದ ಉತ್ತರ ಕೂಳೆಯದು. ಅಕ್ಕನ ತೊಡೆಯಂತೆ ಹರಳಯ್ಯ ದಂಪತಿಗಳ ತೊಡೆಯೂ ಎರಡು ವಾರಗಳಲ್ಲಿ ಮುಚ್ಚಿರಬಹುದು ಎಂದು. ಆದರೆ ಅದು ನಿಲ್ಲುವುದಿಲ್ಲ. ಚಮ್ಮಾರನ ಚರ್ಮ ಬೇರೆ, ವೈದ್ಯನ ಚರ್ಮ ಬೇರೆ. ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಯಿಟ್ಟು ಹದ ಮಾಡುವವರು ರೋಮವನ್ನೂ ಹೊರಚರ್ಮವನ್ನೂ ಕೆರೆದು ಎಸೆಯುತ್ತಾರೆ. ಮೆಟ್ಟಾಗುವುದು ಕೆಳಗಿನ ನಾರಿನ ಒಳಚರ್ಮ. ಅಂಗುಲದ ನೂರನೆಯ ಪಾಲಿನ ಪದರದಿಂದ ಮೆಟ್ಟು ಹೊಲಿಯಲು ಬಾರದು. ಒಳಚರ್ಮವನ್ನೇ ತೆಗೆದರೆಂದಮೇಲೆ ಕೂಪಗಳೂ ಗ್ರಂಥಿಗಳೂ ಅದರೊಡನೆಯೇ ಹೋದುವು. ಬುಡ ಸಹಿತ ಕಿತ್ತ ಕಬ್ಬು ಅದು. ಅಂಥ ಗಾಯ ಅಂಚುಗಳಿಂದ ಮಾತ್ರ, ತಿಂಗಳುಗಟ್ಟಲೆ, ಸುತ್ತಲಿನ ಚರ್ಮವನ್ನು ಎಳೆದುಕೊಂಡು, ಸುಕ್ಕುಗಟ್ಟಿ ಮುಚ್ಚಬೇಕು. ಕಥೆಯನ್ನು ಕಟ್ಟಿದ ಜನ ಚರ್ಮದ ಕೆಲಸವನ್ನು ಬಲ್ಲವರಾಗಿದ್ದರೆ ಇದನ್ನೂ ಬಲ್ಲವರಾಗಿದ್ದಿರಬೇಕು.

ಈ ಬಾರಿ ಯಾರೂ ನಗಲಿಲ್ಲ. ಹುಡುಗಿ ಬರೆದುಕೊಳ್ಳುತ್ತಿದ್ದವಳು ತಲೆಯೆತ್ತಿ, “ಹಾಗಾದರೆ ಇಬ್ಬರೂ ಆಮೇಲೆ ಸ್ವಲ್ಪ ಕುಂಟುತ್ತಿದ್ದರು ಅಲ್ಲವೆ ಸಾರ್?” ಎಂದಳು.

ಕುಂಟುತ್ತಿದ್ದಿರಬೇಕು ಎಂದೆ.